ಕೊಳಗದ ಲೆಕ್ಕ ಕೇಳಿದ ಶಾಂತವೇರಿ ಗೋಪಾಲಗೌಡರು

ಅಡಿಕೆಯ ಕೊಯ್ಲು ಮುಗಿದು, ಒಣಗಿದ ಮಾಲು ಮಂಡಿ ಸೇರಿ, ಕಾಫಿ ತೋಟದವರು ಹೂಮಳೆಗಾಗಿ ಆಕಾಶ ನೋಡುತ್ತ ಕುಳಿತಿರುವ ಈ ದಿನಗಳಲ್ಲಿ ನಮ್ಮ ಪತ್ರಿಕೆಯ ಪುಟಗಳು ಸಾಮಾನ್ಯವಾಗಿ ನೀರಾವರಿಗೆ, ಎಲೆಚುಕ್ಕಿ ರೋಗಕ್ಕೆ, ಧಾರಣೆಯ ಪಟ್ಟಿಗೆ ಮೀಸಲು. ರಾಜಕಾರಣಿಗಳ ಜೀವನಚರಿತ್ರೆ ಇಲ್ಲಿ ಅಚ್ಚಾಗುವ ಪದ್ಧತಿಯಿಲ್ಲ. ಈ ಸಲ ಅದನ್ನು ಮುರಿಯುತ್ತಿದ್ದೇವೆ. ಅದಕ್ಕೆ ಕಾರಣವಾದದ್ದು ಒಂದು ಕೊಳಗ.

ನಮ್ಮ ಹಿರಿಯ ಸದಸ್ಯರೊಬ್ಬರು ಮನೆಯ ಅಟ್ಟ ಶುಚಿಮಾಡಿಸುವಾಗ ಸಿಕ್ಕಿದ ಹಳೆಯ ಕೊಳಗವೊಂದನ್ನು ಸಂಘದ ಕಚೇರಿಗೆ ತಂದುಕೊಟ್ಟರು. ಮರದ್ದು, ಬಾಯಿಗೆ ಕಬ್ಬಿಣದ ಪಟ್ಟಿ, ತಳ ಸವೆದಿದೆ. "ಇದು ಗೇಣಿ ಭತ್ತ ಅಳೆದುಕೊಳ್ಳುತ್ತಿದ್ದ ಕೊಳಗ. ಬೀಜದ ಭತ್ತ ಸಾಲ ಕೊಡೋದಕ್ಕೆ ಬೇರೆ ಇತ್ತು, ಅದು ಸಿಗಲಿಲ್ಲ" ಎಂದರು. ಅಲ್ಲೇ ಕುಳಿತಿದ್ದ ಇನ್ನೊಬ್ಬ ಸದಸ್ಯರು, ಅವರ ತಂದೆ ಒಂದು ಕಾಲಕ್ಕೆ ಗೇಣಿದಾರರಾಗಿದ್ದವರು, ನಕ್ಕು, "ಅದು ಹೇಗೆ ಸಿಗ್ತದೆ ಭಟ್ರೇ, ಅದು ಚಿಕ್ಕದು" ಎಂದರು. ಭಟ್ಟರೂ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗೋಪಾಲಗೌಡರ ಹೆಸರು ಬಂದದ್ದು ಆಗ.

ಶಾಂತವೇರಿ ಗೋಪಾಲಗೌಡರ ವಿಷಯ ಬರೆಯೋಣವೆಂದು ನಾವು ಹೇಳಿದಾಗ ಸಮಿತಿಯಲ್ಲಿಯೇ ಎರಡು ಅಭಿಪ್ರಾಯ ಬಂತು. ನಮ್ಮ ಸದಸ್ಯರಲ್ಲಿ ಗೇಣಿ ಕೊಟ್ಟ ಮನೆಯವರೂ ಇದ್ದಾರೆ, ಗೇಣಿ ಪಡೆದ ಮನೆಯವರೂ ಇದ್ದಾರೆ. ಒಬ್ಬರಿಗೆ ದೇವರಂತೆ ಕಂಡವರು ಇನ್ನೊಬ್ಬರಿಗೆ ಮನೆಯ ಗದ್ದೆ ಹೋಗಲು ಕಾರಣರಾದವರು. ಇಬ್ಬರೂ ಇಂದು ಒಂದೇ ತಕ್ಕಡಿಯಲ್ಲಿ ಅಡಿಕೆ ತೂಗಿಸುತ್ತಾರೆ. ಹಾಗಿರುವಾಗ ಹಳೆಯದನ್ನು ಕೆದಕುವುದು ಏಕೆಂಬ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಮಲೆನಾಡಿನ ಕೃಷಿಕರ ಪತ್ರಿಕೆ ಈ ಮನುಷ್ಯನ ಬಗ್ಗೆ ಬಾಯಿ ಮುಚ್ಚಿಕೊಂಡಿರುವುದು ಸರಿಯಲ್ಲವೆಂದು ನಮಗೆ ತೋರಿತು. ಅವರು ಹುಟ್ಟಿ 2023ಕ್ಕೆ ನೂರು ವರ್ಷ ತುಂಬಿತು. ನಾವು ತಡಮಾಡಿಯೇ ಬರೆಯುತ್ತಿದ್ದೇವೆ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು. ಶಾಂತವೇರಿ ಎಂದ ಕೂಡಲೇ ಕಾಫಿ ಸೀಮೆಯವರಿಗೆ ನೆನಪಾಗುವುದು ತರೀಕೆರೆ ತಾಲ್ಲೂಕಿನ, ಕೆಮ್ಮಣ್ಣುಗುಂಡಿಯ ಕಡೆಯ ಊರು. ಇವರದು ಅದಲ್ಲ; ತೀರ್ಥಹಳ್ಳಿ ತಾಲ್ಲೂಕಿನ ಆರಗದ ಹತ್ತಿರದ್ದು. ಆರಗ ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ರಾಜಧಾನಿಯಾಗಿದ್ದ ಊರು; ಗೌಡರು ಹುಟ್ಟುವ ಹೊತ್ತಿಗೆ ಸಾಧಾರಣ ಹಳ್ಳಿ. ತಂದೆ ಕೊಲ್ಲೂರಯ್ಯಗೌಡರು ಅಂಚೆಯ ರನ್ನರ್ ಆಗಿದ್ದರು. ಬಸ್ಸು ಇಲ್ಲದ ಕಾಲದಲ್ಲಿ ಟಪಾಲು ಚೀಲ ಹೆಗಲಿಗೇರಿಸಿ, ಮಳೆಗಾಲದ ಕಾಡುದಾರಿಯಲ್ಲಿ ಒಂದೂರಿಂದ ಇನ್ನೊಂದೂರಿಗೆ ಓಡುವ ಕೆಲಸ. ಜಮೀನಿನ ಬಲವಿಲ್ಲದ ಮನೆ. ಮುಂದೆ ಜಮೀನಿನ ಪ್ರಶ್ನೆಯನ್ನೇ ಬದುಕಿನ ಪ್ರಶ್ನೆಯಾಗಿ ಹಿಡಿದ ಮನುಷ್ಯನಿಗೆ ಹೇಳಿಕೊಳ್ಳುವಂಥ ಸ್ವಂತ ಜಮೀನು ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಬಡತನದ ನಡುವೆ ಓದು ಸಾಗುತ್ತಿದ್ದಾಗ 1942ರ ಚಳವಳಿ ಬಂತು. ವಿದ್ಯಾರ್ಥಿಯಾಗಿದ್ದ ಗೋಪಾಲಗೌಡರು ಅದರಲ್ಲಿ ಸೇರಿ ಸೆರೆಮನೆ ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಆ ತಲೆಮಾರಿನ ಅನೇಕರು ಕಾಂಗ್ರೆಸ್ಸಿನ ನೆರಳಿನಲ್ಲಿ ನೆಲೆ ಕಂಡುಕೊಂಡರೆ ಇವರು ಸಮಾಜವಾದಿ ಪಕ್ಷದತ್ತ ನಡೆದರು. ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ ಮೊದಲಾದವರ ಹೆಸರು ಆಗ ಶಿವಮೊಗ್ಗೆಯ ಹುಡುಗರ ಬಾಯಲ್ಲಿತ್ತು. ಪಕ್ಷಕ್ಕೆ ದುಡ್ಡಿರಲಿಲ್ಲ, ಕಾರಿರಲಿಲ್ಲ. ಬಸ್ಸಿನಲ್ಲಿ, ಸೈಕಲ್ಲಿನಲ್ಲಿ, ಬಹುಪಾಲು ನಡೆದೇ ಹಳ್ಳಿಗಳಿಗೆ ಹೋಗಬೇಕು. ಹಾಗೆ ಹೋದಾಗ ಎದುರಿಗೆ ಬಂದದ್ದು ಗೇಣಿಯ ಸಮಸ್ಯೆ.

ಇಂದಿನ ಎಳೆಯ ಸದಸ್ಯರಿಗೆ ಗೇಣಿಯೆಂದರೆ ಪಹಣಿಯ ಹಳೆಯ ಕಾಲಮ್ಮಿನಲ್ಲಿ ಉಳಿದ ಒಂದು ಪದ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಒಡೆಯನ ಗದ್ದೆಯನ್ನು ಒಕ್ಕಲು ಉಳುತ್ತಾನೆ. ಬೀಜ, ಎತ್ತು, ಮೈಮುರಿತ ಅವನದು. ಸುಗ್ಗಿಯಲ್ಲಿ ಇಷ್ಟು ಖಂಡುಗ ಭತ್ತವೆಂದು ಒಡೆಯನ ಕಣಕ್ಕೆ ಹಾಕಬೇಕು. ಬಹಳ ಕಡೆ ಚಾಲಗೇಣಿ, ಅಂದರೆ ಒಡೆಯನಿಗೆ ಮನಸ್ಸಿದ್ದಷ್ಟು ದಿನ. ಕಾಗದಪತ್ರವಿಲ್ಲ, ಕೊಟ್ಟ ಭತ್ತಕ್ಕೆ ರಸೀದಿಯಿಲ್ಲ. ಬೆಳೆ ಹಾಳಾದರೆ ಬಾಕಿ, ಬಾಕಿಗೆ ಬಡ್ಡಿ, ಬಡ್ಡಿಗೆ ಒಡೆಯನ ಮನೆಯಲ್ಲಿ ಬಿಟ್ಟಿ ಚಾಕರಿ. ಮೇಲಾಗಿ ಅಳತೆಯ ಮಾತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕ ಎಲ್ಲರಿಗೂ ಒಂದೇ. ಆದರೆ ಕೊಳಗಕ್ಕೆ ಎಷ್ಟು ಸೇರು ಎಂಬುದು ಮನೆಯಿಂದ ಮನೆಗೆ ಬೇರೆ. ಕೊಡುವಾಗ ಚಿಕ್ಕ ಕೊಳಗ, ಇಸಿದುಕೊಳ್ಳುವಾಗ ದೊಡ್ಡ ಕೊಳಗ. ಒಂದು ಕೊಳಗಕ್ಕೆ ಅರ್ಧ ಸೇರು ಹೆಚ್ಚಾದರೆ ಖಂಡುಗಕ್ಕೆ ಹತ್ತು ಸೇರು ಹೋಯಿತು. ಅಡಿಕೆ ತೂಕದಲ್ಲಿ ಕಾಲು ಕಿಲೋ ಆಚೀಚೆಯಾದರೆ ನಮ್ಮ ಕಚೇರಿಗೆ ಬಂದು ಏರುದನಿಯಲ್ಲಿ ಮಾತಾಡುವ ಸದಸ್ಯರಿಗೆ ಇದರ ಉರಿ ಅರ್ಥವಾಗದೆ ಇರದು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಈ ಉರಿ ಹೊತ್ತಿಕೊಂಡಿತು. ಅಲ್ಲಿನ ಗೇಣಿದಾರರು ಹೆಚ್ಚಿನವರು ದೀವರು. ಅವರನ್ನು ಮೊದಲು ಸಂಘಟಿಸಿದವರು ಗೋಪಾಲಗೌಡರಲ್ಲ, ಎಚ್. ಗಣಪತಿಯಪ್ಪನವರು. 1948ರಲ್ಲಿ ಸಾಗರ ತಾಲ್ಲೂಕು ರೈತ ಸಂಘ ಕಟ್ಟಿ, ಹಳ್ಳಿ ಹಳ್ಳಿ ತಿರುಗಿ, ಕೊಳಗ ಸರಿಯಾಗಬೇಕು, ಗೇಣಿಗೆ ರಸೀದಿ ಕೊಡಬೇಕು, ಬಿಟ್ಟಿ ನಿಲ್ಲಬೇಕು ಎಂದು ಹೇಳಿಕೊಟ್ಟವರು ಅವರು. ಕಾಗೋಡು ಎಂದರೆ ಗೋಪಾಲಗೌಡರೆಂದು ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸ ಬಂದುಬಿಟ್ಟಿದೆ. ಗಣಪತಿಯಪ್ಪನವರ ಪಾಲನ್ನು ಅವರಿಗೆ ಸಲ್ಲಿಸದೆ ಈ ಕಥೆ ಹೇಳುವುದು ಅನ್ಯಾಯವೆಂದು ನಾವು ತಿಳಿದಿದ್ದೇವೆ. ಇನ್ನೂ ಹೇಳಬೇಕೆಂದರೆ, ಬೇಡಿಕೆ ಭತ್ತದ್ದು ಮಾತ್ರವೂ ಅಲ್ಲ. ಒಡೆಯನೆದುರು ಪಂಚೆ ಮೊಣಕಾಲಿನ ಕೆಳಗೆ ಇಳಿಸುವಂತಿಲ್ಲ, ಕಾಲಿಗೆ ಚಪ್ಪಲಿ ಹಾಕುವಂತಿಲ್ಲ, ಸಮನಾಗಿ ಕೂರುವಂತಿಲ್ಲ ಎಂಬ ಕಟ್ಟುಪಾಡುಗಳಿದ್ದವು. ಅಳತೆ ಬದಲಾಯಿಸಿ ಎಂದು ಕೇಳಿದ್ದು ಒಂದು. ನೇರವಾಗಿ ನಿಂತು ಕೇಳಿದ್ದು ಇನ್ನೊಂದು. ಒಡೆಯರಿಗೆ ಎರಡನೆಯದೇ ಹೆಚ್ಚು ಸಹಿಸದೆ ಹೋಯಿತೆಂದು ತೋರುತ್ತದೆ.

ಒಡೆಯರು ಒಕ್ಕಲೆಬ್ಬಿಸಲು ಹೊರಟರು. ತಲೆಮಾರುಗಳಿಂದ ಉತ್ತ ಗದ್ದೆಗೆ ಕಾಲಿಡಬಾರದೆಂದಾಯಿತು. 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹೊತ್ತು ಗದ್ದೆಗಿಳಿದರು. ಇದೇ ಕಾಗೋಡು ಸತ್ಯಾಗ್ರಹ. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು, ಇಪ್ಪತ್ತೆಂಟರ ಹರೆಯದ ಗೋಪಾಲಗೌಡರು ಅದರ ಮುಂದಾಳುವಾದರು. ದಿನವೂ ಒಂದು ತಂಡ ಗದ್ದೆಗಿಳಿಯುವುದು, ಪೊಲೀಸರು ಹಿಡಿದೊಯ್ಯುವುದು, ಮರುದಿನ ಇನ್ನೊಂದು ತಂಡ. ಹೆಂಗಸರೂ ಇಳಿದರು. ನೂರಾರು ಮಂದಿ ಸೆರೆಯಾದರು, ಗೋಪಾಲಗೌಡರೂ ಸೆರೆಯಾದರು. ಜೂನ್ ತಿಂಗಳಲ್ಲಿ ಲೋಹಿಯಾ ಸ್ವತಃ ಕಾಗೋಡಿಗೆ ಬಂದರು. ಸಾಗರದ ರೈಲು ನಿಲ್ದಾಣದಲ್ಲಿ ಅವರನ್ನೂ ಬಂಧಿಸಲಾಯಿತು. ದೂರದ ಮಲೆನಾಡಿನ ಹಳ್ಳಿಯೊಂದರ ಹೆಸರು ದೇಶದ ಪತ್ರಿಕೆಗಳಲ್ಲಿ ಬರುವಂತಾಯಿತು. ಮುಂಗಾರು ಹಿಡಿಯುವ ಜೂನ್ ತಿಂಗಳೆಂದರೆ ಗದ್ದೆ ಹೂಡುವ ಕಾಲ, ಸಸಿಮಡಿಯ ಕಾಲ. ಆ ಹೊತ್ತಿನಲ್ಲಿ ಜೈಲಿನಲ್ಲಿ ಕುಳಿತ ರೈತನಿಗೆ ಆ ವರ್ಷದ ಅನ್ನ ಎಲ್ಲಿಂದ ಬರಬೇಕು ಎಂಬುದನ್ನು ಉತ್ತು ಬೆಳೆಯುವವರಿಗೆ ನಾವು ವಿವರಿಸಬೇಕಾಗಿಲ್ಲ.

ಸತ್ಯಾಗ್ರಹ ಗೆದ್ದಿತೆ? ಆ ವರ್ಷದ ಮಟ್ಟಿಗೆ ಗೆಲ್ಲಲಿಲ್ಲ. ಕೈಬಿಟ್ಟ ಗದ್ದೆ ಎಲ್ಲರಿಗೂ ಹಿಂದಿರುಗಲಿಲ್ಲ. ಹೋರಾಟದ ಬಿಸಿ ಆರಿದ ಮೇಲೆ ಬರಿಗೈಯಲ್ಲಿ ಮನೆಗೆ ಹೋದವರಿದ್ದರು. ಸಭೆ ಸಮಾರಂಭಗಳಲ್ಲಿ ಕಾಗೋಡನ್ನು ಹೊಗಳುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಆದರೆ ಮರುವರ್ಷ ಬೇರೊಂದು ಕಡೆಯಿಂದ ಉತ್ತರ ಬಂತು. 1952ರ ಮೊದಲ ಮಹಾಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ನಿಂತರು. ಎದುರಿಗೆ ಕಾಂಗ್ರೆಸ್ಸಿನ ಎ. ಆರ್. ಬದರೀನಾರಾಯಣ ಅವರು, ಹೆಸರು ಹಣ ಎರಡೂ ಇದ್ದವರು. "ಒಂದು ಓಟು, ಒಂದು ನೋಟು" ಎಂದು ಮತದಾರರನ್ನೇ ಕೇಳಿ, ಅವರು ಕೊಟ್ಟ ರೂಪಾಯಿಯಲ್ಲೇ ಚುನಾವಣೆ ನಡೆಸಿದರೆಂದು ಆ ಕಾಲದವರು ನೆನೆಯುತ್ತಾರೆ. ಗೌಡರು ಗೆದ್ದರು. ಮತದಾರನಿಗೆ ನೋಟು ಕೊಡುವ ಕಾಲವನ್ನು ನೋಡಿರುವ ನಮಗೆ ಇದು ನಂಬಲು ಸ್ವಲ್ಪ ಕಷ್ಟವಾದರೆ ಆಶ್ಚರ್ಯವಿಲ್ಲ.

ಮೈಸೂರು ವಿಧಾನಸಭೆಯಲ್ಲಿ ಆಗ 99 ಸ್ಥಾನ. ಕಾಂಗ್ರೆಸ್ಸಿಗೆ 74. ಸಮಾಜವಾದಿಗಳನ್ನು ಎಣಿಸಲು ಒಂದು ಕೈ ಬೆರಳು ಸಾಕು. ಅಷ್ಟರಲ್ಲಿಯೇ ಗೋಪಾಲಗೌಡರ ಮಾತಿಗೆ ಸಭೆ ಕಿವಿಗೊಡುವಂತಾಯಿತು. ಅವರು ಮಾತಾಡುತ್ತಿದ್ದುದು ಕನ್ನಡದಲ್ಲಿ. ಓದಿಕೊಂಡ ಕನ್ನಡ, ಹಳ್ಳಿಯ ಕನ್ನಡ ಎರಡೂ ಬೆರೆತದ್ದು. ಸಿಟ್ಟು ಬಂದರೆ ಅಡಗಿಸಿಕೊಳ್ಳುವ ಸ್ವಭಾವವಿರಲಿಲ್ಲ. ಅವರ ಸಿಟ್ಟು ಕೆಲವೊಮ್ಮೆ ಕೆಲಸವನ್ನೇ ಕೆಡಿಸಿತೆಂದು ಅವರನ್ನು ಬಲ್ಲವರೇ ಹೇಳಿದ್ದಾರೆ. ಅವರ ವಿಧಾನಸಭೆಯ ಭಾಷಣಗಳು ಪುಸ್ತಕವಾಗಿ ಬಂದಿವೆ. ಗೇಣಿಯ ಮಾತು, ಬಡವರ ಮಾತು, ಸರ್ಕಾರಿ ದುಂದುವೆಚ್ಚದ ಮಾತು ಮತ್ತೆ ಮತ್ತೆ ಬರುತ್ತದೆ. ಕನ್ನಡ ನಾಡು ಒಂದಾಗುವ ಪ್ರಶ್ನೆ ಬಂದಾಗ ಹಳೆಯ ಮೈಸೂರಿನ ಅನೇಕ ಮುಖಂಡರು ಹಿಂದೆ ಮುಂದೆ ನೋಡುತ್ತಿದ್ದರು. ಗೌಡರು ಏಕೀಕರಣದ ಪರವಾಗಿ ನಿಂತರು. ಒಂದಾದ ರಾಜ್ಯಕ್ಕೆ ಕರ್ನಾಟಕವೆಂದೇ ಹೆಸರಿಡಬೇಕೆಂದು ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದನ್ನು ನೋಡಲು ಅವರಿರಲಿಲ್ಲ.

ಇಲ್ಲಿ ಇನ್ನೊಬ್ಬ ಹಿರಿಯರನ್ನು ನೆನೆಯಬೇಕು. ಗೌಡರು ವಿರೋಧದ ಸಾಲಿನಲ್ಲಿ ಕುಳಿತಿದ್ದಾಗ ಎದುರಿನ ಮಂತ್ರಿಗಳ ಸಾಲಿನಲ್ಲಿ ತೀರ್ಥಹಳ್ಳಿಯವರೇ ಆದ ಕಡಿದಾಳ ಮಂಜಪ್ಪನವರಿದ್ದರು. ಕೆಂಗಲ್ ಹನುಮಂತಯ್ಯನವರ ಸಂಪುಟದಲ್ಲಿ ಕಂದಾಯ ಖಾತೆ ಅವರದು. 1956ರಲ್ಲಿ ಎರಡು ತಿಂಗಳು ಚಿಲ್ಲರೆ ಮುಖ್ಯಮಂತ್ರಿಯೂ ಆದರು. 1952ರ ಗೇಣಿ ಕಾಯಿದೆ, ಇನಾಂ ರದ್ದತಿಯ ಕಾಯಿದೆಗಳು ಆ ಕಾಲದವು. ಒಂದೇ ತಾಲ್ಲೂಕಿನ ಇಬ್ಬರು, ಒಂದೇ ಸಮಸ್ಯೆ. ಒಬ್ಬರದು ಕಾಯಿದೆಯ ದಾರಿ, ಇನ್ನೊಬ್ಬರದು ಗದ್ದೆಗಿಳಿಯುವ ದಾರಿ. ಮಂಜಪ್ಪನವರಂಥ ಸಾತ್ವಿಕರ ಕೆಲಸವನ್ನು ಕಡಿಮೆಮಾಡುವ ಉದ್ದೇಶ ನಮಗಿಲ್ಲ. ಆದರೆ ಆ ಕಾಲದ ಕಾಯಿದೆಗಳು ಕಾಗದದಲ್ಲಿ ಎಷ್ಟು ಚೆನ್ನಾಗಿದ್ದವೋ ಕಣದಲ್ಲಿ ಅಷ್ಟು ನಡೆಯಲಿಲ್ಲ. ರಸೀದಿಯೇ ಇಲ್ಲದವನು ತಾನು ಗೇಣಿದಾರನೆಂದು ಯಾರ ಮುಂದೆ ತೋರಿಸಬೇಕು?

1957ರಲ್ಲಿ ಗೌಡರು ಸೋತರು. ಹೊಸ ರಾಜ್ಯದ ಭೂಸುಧಾರಣಾ ಕಾಯಿದೆ 1961ರಲ್ಲಿ ಆದಾಗ, ಹತ್ತು ವರ್ಷ ಅದಕ್ಕಾಗಿಯೇ ಬಡಿದಾಡಿದ ಮನುಷ್ಯ ಸಭೆಯ ಹೊರಗಿದ್ದರು. 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯ ಜನ ಅವರನ್ನು ಮತ್ತೆ ಕಳಿಸಿದರು. ಸಮಾಜವಾದಿ ಪಕ್ಷ ಅಷ್ಟರಲ್ಲಿ ಎಷ್ಟು ಸಲ ಒಡೆದು ಎಷ್ಟು ಸಲ ಕೂಡಿತೆಂಬುದನ್ನು ಬರೆಯಹೊರಟರೆ ಈ ಸಂಚಿಕೆ ಸಾಲದು. ಗೌಡರು ಲೋಹಿಯಾ ಅವರ ಜೊತೆ ಉಳಿದರು ಎಂದರೆ ಸಾಕು. ಮಂತ್ರಿಯಾಗಲಿಲ್ಲ. ಆಗುವ ಪಕ್ಷಕ್ಕೆ ಹೋಗಲೂ ಇಲ್ಲ.

ಮನೆಯ ವಿಷಯ ಕೆಲವೇ ಮಾತು. ನಲವತ್ತು ದಾಟಿದ ಮೇಲೆ ಮದುವೆಯಾದರು. ಸಂಗೀತವೆಂದರೆ ಪ್ರಾಣ, ಕಾವ್ಯವನ್ನು ಬಾಯಿಪಾಠ ಹೇಳುವಷ್ಟು ಓದಿಕೊಂಡಿದ್ದರು. ಗೋಪಾಲಕೃಷ್ಣ ಅಡಿಗರಂಥ ಕವಿಗಳ ಸ್ನೇಹವಿತ್ತು. ಯು. ಆರ್. ಅನಂತಮೂರ್ತಿ, ಪಿ. ಲಂಕೇಶ್, ಪೂರ್ಣಚಂದ್ರ ತೇಜಸ್ವಿ ಮೊದಲಾದ ಆ ಕಾಲದ ತರುಣ ಲೇಖಕರು ಅವರ ಪ್ರಭಾವಕ್ಕೆ ಒಳಗಾದವರು. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯ ನಾಯಕನಲ್ಲಿ ಗೌಡರ ಛಾಯೆಯನ್ನು ಓದುಗರೆಲ್ಲ ಗುರುತಿಸಿದ್ದಾರೆ. ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ಬೆಳೆದವರು, ಹಾಗಾಗಿ ನಮ್ಮವರೇ ಎಂದು ಹೇಳಿಕೊಳ್ಳಲು ನಮಗೆ ಹಕ್ಕಿದೆ. ಶಾಸಕರಿಗೆ ಬೆಂಗಳೂರಿನಲ್ಲಿ ಸಿಗುತ್ತಿದ್ದ ನಿವೇಶನವನ್ನು ಗೌಡರು ಬೇಡವೆಂದರೆಂದು ಅವರ ಜೊತೆಗಾರರು ಹೇಳಿದ್ದಾರೆ. ಇಂದು ಶಿವಮೊಗ್ಗದಲ್ಲಿ ಅವರ ಹೆಸರಿನ ಒಂದು ಇಡೀ ಬಡಾವಣೆಯಿದೆ; ಬೆಂಗಳೂರಿನಲ್ಲಿ ವಿಧಾನಸೌಧದ ಹತ್ತಿರ ಅವರ ಹೆಸರಿನ ವೃತ್ತವಿದೆ.

ಆರೋಗ್ಯ ಕೈಕೊಟ್ಟಿತು. 1972ರ ಜೂನ್ 9ರಂದು ತೀರಿಕೊಂಡರು. ವಯಸ್ಸು ನಲವತ್ತೊಂಬತ್ತು.

ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಬಂತು. 1974ರ ಮಾರ್ಚ್ 1ರಿಂದ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಏಳನೆಯ ನಮೂನೆಯಲ್ಲಿ ಡಿಕ್ಲರೇಷನ್ ಕೊಡಬೇಕು. ತಾಲ್ಲೂಕಿನ ಭೂನ್ಯಾಯ ಮಂಡಳಿ ವಿಚಾರಿಸಿ ಅವನಿಗೆ ಹಕ್ಕು ಕೊಡಬೇಕು. ಮೊದಮೊದಲು ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವೂ ಇರಲಿಲ್ಲ. ಕಾಗೋಡಿನ ಗದ್ದೆಯಲ್ಲಿ ಕೇಳಿದ ಪ್ರಶ್ನೆಗೆ ಇಪ್ಪತ್ತಮೂರು ವರ್ಷದ ಮೇಲೆ ಸಿಕ್ಕಿದ ಉತ್ತರ ಇದು. ಉತ್ತರ ಕೊಟ್ಟದ್ದು ಗೌಡರು ಬದುಕಿಡೀ ವಿರೋಧಿಸಿದ ಕಾಂಗ್ರೆಸ್ಸೇ.

ಇಲ್ಲಿ ನಮ್ಮ ಸದಸ್ಯರಿಗೆ ನೇರವಾಗಿ ತಟ್ಟುವ ವಿಷಯವಿದೆ. ಆ ಕಾಯಿದೆಯಲ್ಲಿ 'ತೋಟದ ಬೆಳೆ' ಎಂದು ಒಂದು ಪಟ್ಟಿ ಮಾಡಿ ಅವುಗಳಿಗೆ ವಿನಾಯಿತಿ ಕೊಟ್ಟರು. ಕಾಫಿ, ಚಹ, ರಬ್ಬರ್, ಏಲಕ್ಕಿ, ಕಾಳುಮೆಣಸು ಆ ಪಟ್ಟಿಯಲ್ಲಿದ್ದವು. ಅಡಿಕೆ ಇರಲಿಲ್ಲ. ಆದ್ದರಿಂದ ಗೇಣಿಗೆ ಕೊಟ್ಟ ಅಡಿಕೆ ತೋಟ ಗೇಣಿದಾರನಿಗೆ ಹೋಯಿತು. ಪಕ್ಕದ ಗುಡ್ಡದ ಕಾಫಿ ಎಸ್ಟೇಟು ಎಷ್ಟು ನೂರು ಎಕರೆಯಾದರೂ ಹಾಗೇ ಉಳಿಯಿತು. ಕಾಫಿಯವರೂ ಅಡಿಕೆಯವರೂ ಸೇರಿ ಕಟ್ಟಿದ ನಮ್ಮಂಥ ಸಂಘದಲ್ಲಿ ಈ ವ್ಯತ್ಯಾಸ ಒಳಗೊಳಗೇ ಇದೆ. ಮಹಾಸಭೆಯಲ್ಲಿ ಯಾರೂ ಎತ್ತುವುದಿಲ್ಲ, ಊಟದ ಪಂಕ್ತಿಯಲ್ಲಿ ಎತ್ತುತ್ತಾರೆ.

ಜಮೀನು ಕಳೆದುಕೊಂಡವರೆಲ್ಲ ದೊಡ್ಡ ಒಡೆಯರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಗಂಡ ಸತ್ತು, ಮಾಡಿಸಲು ಜನವಿಲ್ಲದೆ, ಎರಡೆಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಬರುವ ಭತ್ತದಲ್ಲಿ ಮಕ್ಕಳನ್ನು ಸಾಕುತ್ತಿದ್ದ ಹೆಂಗಸರಿದ್ದರು. ಗುಡಿಯ ಪೂಜೆ ನೋಡಿಕೊಂಡು ಗೇಣಿಯಲ್ಲಿ ಜೀವನ ಸಾಗಿಸುತ್ತಿದ್ದ ಮನೆಗಳಿದ್ದವು. ಪರಿಹಾರದ ಹಣ ಕಂತು ಕಂತಾಗಿ, ತಡವಾಗಿ ಬಂತು. ಆ ಮನೆಗಳ ಹುಡುಗರು ಬೆಂಗಳೂರು, ಮುಂಬಯಿಯ ಹೋಟೆಲುಗಳಿಗೆ ಹೋದರು. ಮೊದಲು ಹೇಳಿದ ಭಟ್ಟರದೂ ಅಂಥ ಒಂದು ಕಥೆಯೇ. "ಕೊಳಗ ದೊಡ್ಡದಿತ್ತು, ಒಪ್ಪಿದೆ. ಆದರೆ ನಮ್ಮ ಅತ್ತೆಯ ಮನೆಯ ಕೊಳಗ ಸರಿಯಾಗೇ ಇತ್ತು, ಅವರ ಗದ್ದೆಯೂ ಹೋಯಿತು" ಎಂದರು. ಇದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಕಾಯಿದೆಗೆ ಒಂದೇ ಕಣ್ಣು. ಆದರೆ ಇದನ್ನು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು: ಚಿಕ್ಕ ಹಿಡುವಳಿಯ ಆ ಹೆಂಗಸಿನ ಹೆಸರನ್ನು ಮುಂದಿಟ್ಟುಕೊಂಡು ನೂರಾರು ಎಕರೆಯವರು ಅಳುವುದನ್ನೂ ನಾವು ಕೇಳಿದ್ದೇವೆ.

ಇನ್ನು ಪಡೆದವರ ಕಡೆ ನೋಡೋಣ. ನಮ್ಮ ಸಂಘದ ಹಳೆಯ ಸದಸ್ಯತ್ವ ಪುಸ್ತಕಗಳನ್ನು ತಿರುವಿದೆವು. ಮೊದಲ ಪುಟಗಳಲ್ಲಿ ಭಟ್ಟ, ಹೆಗಡೆ, ರಾವ್, ಗೌಡ ಎಂಬ ಹೆಸರುಗಳೇ. 1970ರ ದಶಕ ಕಳೆಯುತ್ತ ಬಂದಂತೆ ನಾಯ್ಕ, ಪೂಜಾರಿ, ಶೆಟ್ಟಿ ಎಂಬ ಹೆಸರುಗಳು ಕಾಣಿಸುತ್ತವೆ. ಕೆಲವಕ್ಕೆ ಹೆಬ್ಬೆಟ್ಟಿನ ಗುರುತು. ಮುಂದಿನ ಪುಸ್ತಕದಲ್ಲಿ ಅದೇ ಮನೆಯ ಮಗನ ಸಹಿ. ಹಿಂದೆ ಒಡೆಯರ ಹೆಸರಿನಲ್ಲಿ ಮಂಡಿಗೆ ಬರುತ್ತಿದ್ದ ಅಡಿಕೆ ಬೆಳೆದವನ ಹೆಸರಿನಲ್ಲೇ ಬರತೊಡಗಿತು. ಹಕ್ಕುಪತ್ರ ಕೈಗೆ ಬಂದ ಮೇಲೆಯೇ ಗದ್ದೆಯ ಬದಿಗೆ ಅಡಿಕೆ ಸಸಿ ಇಟ್ಟೆವೆಂದು ಹೇಳುವವರು ನಮ್ಮಲ್ಲಿ ಬಹಳ ಮಂದಿ. ನಾಳೆ ಎಬ್ಬಿಸುತ್ತಾರೆಂಬ ಹೆದರಿಕೆಯಿದ್ದವನು ಫಲ ಬರಲು ಐದಾರು ವರ್ಷ ಕಾಯಬೇಕಾದ ಗಿಡ ನೆಡುವುದಿಲ್ಲ. ಅಡಿಕೆ ಬೆಳೆ ಗದ್ದೆಬಯಲಿಗೂ ಹಬ್ಬಿದ್ದಕ್ಕೆ ಧಾರಣೆಯೊಂದೇ ಕಾರಣವೆಂದು ತಿಳಿದವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಏನೂ ಸಿಗದೆ ಹೋದವರು ಮೂರನೆಯವರು. ಗೇಣಿಯೂ ಇಲ್ಲದೆ ಕೂಲಿಯಲ್ಲೇ ಇದ್ದವರಿಗೆ, ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿದ್ದವರಿಗೆ ಏಳನೆಯ ನಮೂನೆ ತುಂಬಲು ಏನೂ ಇರಲಿಲ್ಲ. ಉಳುವವನೇ ಹೊಲದೊಡೆಯ ಎಂಬ ಮಾತಿನಲ್ಲಿ ಅಗೆಯುವವನ, ಕಾಫಿ ಹಣ್ಣು ಕೊಯ್ಯುವವಳ ಲೆಕ್ಕ ಬರಲಿಲ್ಲ. ಕಾಗೋಡಿನವರೇ ಆದ ಕಾಗೋಡು ತಿಮ್ಮಪ್ಪನವರು ಬಹುಕಾಲದ ಮೇಲೆ, 2016ರಿಂದ 2018ರವರೆಗೆ ಕಂದಾಯ ಸಚಿವರಾಗಿದ್ದಾಗ, ಹಾಡಿ ಹಟ್ಟಿ ತಾಂಡಾಗಳಲ್ಲಿ ವಾಸಿಸುವವರಿಗೆ ಅವರ ಮನೆಯ ಜಾಗದ ಹಕ್ಕು ಕೊಡಿಸುವ ಕೆಲಸಕ್ಕೆ ಕೈಹಾಕಿದರು. ಅದು ಮನೆಯ ಅಡಿಯ ನೆಲದ ಮಾತು. ತೋಟದ ಮಾತು ಹಾಗೇ ಇದೆ. ನಮ್ಮ ಓದುಗರಲ್ಲಿ ಅನೇಕರು ತೋಟದ ಮಾಲೀಕರು. ಇದನ್ನು ಓದಿ ಮುಖ ಸಿಂಡರಿಸಿದರೆ ನಾವು ತಪ್ಪು ತಿಳಿಯುವುದಿಲ್ಲ.

ಗೋಪಾಲಗೌಡರ ಶಿಷ್ಯರೆನಿಸಿಕೊಂಡವರು ದೊಡ್ಡ ಹುದ್ದೆಗಳಿಗೆ ಹೋದರು. ಜೆ. ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದರು, ಮುಂದೆ ಮುಖ್ಯಮಂತ್ರಿಯಾದರು. ಎಸ್. ಬಂಗಾರಪ್ಪನವರೂ ಅದೇ 1967ರಲ್ಲಿ ಸಮಾಜವಾದಿಯಾಗಿ ಸೊರಬದಿಂದ ಗೆದ್ದವರು, ಅವರೂ ಮುಖ್ಯಮಂತ್ರಿಯಾದರು. ತಿಮ್ಮಪ್ಪನವರು ಸಭಾಧ್ಯಕ್ಷರಾದರು. ಆದರೆ ಪಕ್ಷ ಉಳಿಯಲಿಲ್ಲ. ಗೌಡರು ಮನು‍ಷ್ಯರನ್ನು ಕಟ್ಟಿದರು, ಪಕ್ಷವನ್ನು ಕಟ್ಟಲಿಲ್ಲ ಎಂದು ನಮಗನ್ನಿಸುತ್ತದೆ. ಕಟ್ಟಿದ ಮನುಷ್ಯರು ಒಬ್ಬೊಬ್ಬರಾಗಿ ಬೇರೆ ಬೇರೆ ದಾರಿ ಹಿಡಿದರು.

ಬೇರೆ ದಾರಿ ಹಿಡಿದವರಲ್ಲಿ ರೈತ ಸಂಘದವರೂ ಇದ್ದಾರೆ. 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದಾಗ ಮುಂಚೂಣಿಯಲ್ಲಿದ್ದ ಎಂ. ಡಿ. ನಂಜುಂಡಸ್ವಾಮಿ, ಎನ್. ಡಿ. ಸುಂದರೇಶ್, ಕಡಿದಾಳ್ ಶಾಮಣ್ಣ ಇವರೆಲ್ಲ ಸಮಾಜವಾದಿ ಗರಡಿಯಿಂದ ಬಂದವರು. ಆದರೆ ಕೂಗು ಬದಲಾಗಿತ್ತು. 1951ರಲ್ಲಿ ರೈತ ಒಡೆಯನ ಕಣದಲ್ಲಿ ನಿಂತು ಅಳತೆ ಸರಿಮಾಡು ಎಂದ. 1980ರಲ್ಲಿ ಅದೇ ರೈತ, ಈಗ ಸ್ವಂತ ಪಹಣಿಯುಳ್ಳವನು, ಸರ್ಕಾರದ ಮುಂದೆ ನಿಂತು ಬೆಲೆ ಸರಿಮಾಡು ಎಂದ. ಮೊದಲನೆಯದು ಆಗದೆ ಎರಡನೆಯದು ಆಗುವಂತಿರಲಿಲ್ಲ. ಗೇಣಿದಾರನೂ ಒಡೆಯನೂ ಒಂದೇ ಹಸಿರು ಶಾಲು ಹೊದೆಯಲು ಸಾಧ್ಯವಾದದ್ದು ಅವರ ನಡುವಿನ ಕೊಳಗ ಹೋದ ಮೇಲೆ. ನಮ್ಮಂಥ ಸಹಕಾರ ಸಂಘಗಳು ಎಲ್ಲ ಮನೆಯವರನ್ನೂ ಸಮಾನ ಸದಸ್ಯರಾಗಿ ಕೂರಿಸಿಕೊಳ್ಳಲು ಸಾಧ್ಯವಾದದ್ದೂ ಆಮೇಲೆಯೇ. ಒಬ್ಬನಿಗೆ ಒಂದೇ ಮತವೆಂಬ ಸಹಕಾರದ ನಿಯಮ ಮೊದಲಿನಿಂದ ಪುಸ್ತಕದಲ್ಲಿತ್ತು. ಒಡೆಯನ ಎದುರು ಕೂರಲಾಗದವನು ಒಡೆಯನ ಎದುರು ಕೈಯೆತ್ತುವುದು ಹೇಗೆ?

2020ರಲ್ಲಿ ಭೂಸುಧಾರಣಾ ಕಾಯಿದೆಗೆ ಮತ್ತೊಂದು ತಿದ್ದುಪಡಿಯಾಗಿ 79ಎ, 79ಬಿ ಕಲಮುಗಳು ಹೋದವು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದೆಂದಾಯಿತು. ಮಾರಬೇಕಾದವರಿಗೆ ಒಳ್ಳೆಯ ಬೆಲೆ ಬರುತ್ತದೆಂದು ಒಂದು ಪಕ್ಷ. ತೋಟಗಳು ಪಟ್ಟಣದವರ ಪಾಲಾಗುತ್ತವೆಂದು ಇನ್ನೊಂದು ಪಕ್ಷ. ನಮ್ಮ ಸದಸ್ಯರಲ್ಲೂ ಎರಡೂ ಇದೆ. ಗೇಣಿಯಿಂದ ಬಂದ ತೋಟವನ್ನು ಮೊಮ್ಮಗ ಮಾರಲು ಹೊರಟಿದ್ದಾನೆಂದು ಮೊನ್ನೆ ಒಬ್ಬ ಹಿರಿಯರು ಕಚೇರಿಯಲ್ಲಿ ಕುಳಿತು ಬಹಳ ಹೊತ್ತು ಮಾತಾಡಿ ಹೋದರು. ಅವರ ತಂದೆ 1951ರಲ್ಲಿ ಜೈಲಿಗೆ ಹೋದವರು.

ಭಟ್ಟರು ತಂದ ಕೊಳಗಕ್ಕೆ ನಾವು ಅಕ್ಕಿ ತುಂಬಿ ನೋಡಬೇಕೆಂದಿದ್ದೆವು. ಹಳೆಯ ಸೇರು ಸಿಗಲಿಲ್ಲ. ದಶಮಾನ ಪದ್ಧತಿ ಬಂದ ಮೇಲೆ ಎಲ್ಲರೂ ಎಸೆದುಬಿಟ್ಟಿದ್ದಾರೆ. ಕೊಳಗವನ್ನು ಕಚೇರಿಯ ಕಪಾಟಿನ ಮೇಲೆ ಇಟ್ಟಿದೆ, ಬಂದವರು ನೋಡಬಹುದು. ಯಾವುದಾದರೂ ಸದಸ್ಯರ ಮನೆಯಲ್ಲಿ ಮುದ್ರೆಯಿರುವ ಹಳೆಯ ಸೇರು ಇದ್ದರೆ ತಂದುಕೊಡಬೇಕಾಗಿ ವಿನಂತಿ. ಚಿಕ್ಕ ಕೊಳಗ ಸಿಕ್ಕಿದರೆ ಅದನ್ನೂ ತನ್ನಿ. ಯಾರ ಮನೆಯದೆಂದು ನಾವು ಕೇಳುವುದಿಲ್ಲ.